ಹಳೇ ಕಂಬ ತಂದರೆ ಮರ್ಯಾದೆ ಹೋಗುತ್ತದೆಯೇ?

ಪ್ರಶ್ನೆ: ನನ್ನ ತವರು ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಹತ್ತಿರ. ಕೊಟ್ಟ ಮನೆ ಸೊರಬ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಗದ್ದೆ, ಒಂದೆಕರೆ ಅಡಿಕೆ ತೋಟವಿದೆ. ಈ ವರ್ಷ ಮನೆ ಕಟ್ಟಿಸಲು ಶುರು ಮಾಡಿದ್ದೇವೆ. ಯಜಮಾನರು ನನ್ನನ್ನು ಒಂದು ಮಾತೂ ಕೇಳದೆ, ಉಳವಿ ಕಡೆ ಬಿಚ್ಚುತ್ತಿರುವ ಒಂದು ಹಳೇ ಮನೆಯ ಕಂಬ, ಬಾಗಿಲು, ಹಂಚಿಗೆ ಮುಂಗಡ ಕೊಟ್ಟು ಬಂದಿದ್ದಾರೆ. ಶಿಕಾರಿಪುರದಲ್ಲಿ ಹಳೇ ಪವರ್ ಟಿಲ್ಲರ್ ನೋಡಿಟ್ಟಿದ್ದಾರಂತೆ. ಕಾಲೇಜಿಗೆ ಹೋಗುವ ಮಗಳಿಗೆ ಸ್ಕೂಟಿಯೂ ಸೆಕೆಂಡ್ ಹ್ಯಾಂಡೇ ಅಂತೆ. ನನ್ನ ತಮ್ಮ ಹೋದ ತಿಂಗಳು ಹೊಸ ಟ್ರ್ಯಾಕ್ಟರ್ ತಂದ. ಅವನು ಎಲ್ಲರೆದುರಿಗೆ “ಏನಕ್ಕಾ, ಭಾವ ನಿಂಗೆ ಗುಜರಿ ಮನೆ ಕಟ್ಟಿಸ್ತಿದಾರಾ?” ಎಂದು ನಕ್ಕ. ಇನ್ನೆರಡು ವರ್ಷಕ್ಕೆ ಮಗಳಿಗೆ ಗಂಡು ನೋಡಬೇಕು. ನೋಡಲು ಬಂದವರು ಏನೆಂದುಕೊಳ್ಳುತ್ತಾರೆ? ಬಾಳಿ ಬಿಟ್ಟ ಮನೆಯ ಮರ ತಂದು ಅವರ ಕಷ್ಟವೂ ನಮಗೆ ಅಂಟಿಕೊಂಡರೆ ಎಂಬ ಭಯವೂ ಇದೆ. ನನ್ನ ಒಡವೆ ಅಡವಿಟ್ಟಾದರೂ ಎಲ್ಲ ಹೊಸದು ತರೋಣ ಎಂದರೆ ಮಾತೇ ಬಿಡುತ್ತಾರೆ. ಇವರು ಜುಗ್ಗರೇ? ಅಥವಾ ತಪ್ಪು ನನ್ನದೇ?
– ಹೆಸರು ಬೇಡ, ಸೊರಬ ತಾಲ್ಲೂಕು

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮತ್ತೆ ಮತ್ತೆ ಹೋದದ್ದು “ನನ್ನನ್ನು ಒಂದು ಮಾತೂ ಕೇಳದೆ” ಎಂಬ ಕಡೆಗೆ. ನಿಮ್ಮ ಮನೆಗೆ ಬರಲಿರುವ ಕಂಬವನ್ನು ನೀವಿನ್ನೂ ಕಣ್ಣಲ್ಲಿ ಕಂಡಿಲ್ಲ. ಅದರ ಬಗ್ಗೆ ನಿಮ್ಮ ಕಿವಿಗೆ ಬಿದ್ದದ್ದು ತಮ್ಮನ ಗೇಲಿ ಮಾತ್ರ. ಯಾರಿಗಾದರೂ ಅವಮಾನ ಎನ್ನಿಸುತ್ತದೆ. ಇದನ್ನು ಯಜಮಾನರಿಗೆ ಬಿಡಿಸಿ ಹೇಳಿ. ಆದರೆ ಕೇಳದೇ ಹೋದದ್ದರ ಸಿಟ್ಟನ್ನು ಹಳೇ ಮರದ ಮೇಲೆ ಹಾಕಬೇಡಿ. ಅವರು ಮಾಡಿದ ರೀತಿ ಸರಿಯಿಲ್ಲ, ಮಾಡಹೊರಟ ಕೆಲಸ ಸರಿಯಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಜುಗ್ಗರೇ ಎಂದು ಕೇಳಿದ್ದೀರಿ. ಹೀಗೆ ಉಳಿಸಿದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಮಗಳ ಓದಿಗೆ, ತೋಟಕ್ಕೆ, ಸಾಲ ಬೇಡವೆನ್ನುವುದಕ್ಕೆ ಹೋಗುತ್ತಿದ್ದರೆ ಅದು ಸಂಸಾರ ತೂಗಿಸುವವರ ಲಕ್ಷಣ. ನಿಮ್ಮ ಆಸ್ಪತ್ರೆ ಖರ್ಚಿಗೂ, ಮನೆಯ ಊಟ ಉಡುಗೆಗೂ ಕೈ ಹಿಡಿಯುವವರಾಗಿದ್ದರೆ ನೀವು ಬೇರೆಯೇ ಪತ್ರ ಬರೆಯುತ್ತಿದ್ದಿರಿ.

ಒಬ್ಬರು ಬಾಳಿದ ಮನೆಯ ಮರ ಇನ್ನೊಬ್ಬರ ಮನೆಗೆ ಹೋಗುವುದು ನಮ್ಮ ಮಲೆನಾಡಿಗೆ ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದವು. ಜಿಲ್ಲೆಯ ಬೇರೆ ಬೇರೆ ಕಡೆಗೆ ಹೊರಟ ಕುಟುಂಬಗಳು ಬಿಚ್ಚಿದ ಮನೆಯ ಕಂಬ, ತೊಲೆ, ಬಾಗಿಲುಗಳನ್ನು ಹೇರಿಕೊಂಡು ಹೋಗಿ ಹೋದಲ್ಲಿ ಮತ್ತೆ ನಿಲ್ಲಿಸಿಕೊಂಡವು. ಆ ಮನೆಗಳಿಗೂ ಹೆಣ್ಣು ಕೊಟ್ಟರು, ಅಲ್ಲಿಂದಲೂ ಹೆಣ್ಣು ತಂದರು. ಇವತ್ತು ಬೆಂಗಳೂರಿನಲ್ಲಿ ದುಡ್ಡಿದ್ದವರು ಮನೆಗೂ ರೆಸಾರ್ಟಿಗೂ ಹುಡುಕಿಸಿ ಒಯ್ಯುವುದು ನಮ್ಮ ಕಡೆಯ ಇದೇ ಹಳೇ ಕಂಬ ಬಾಗಿಲುಗಳನ್ನು.

ಕಷ್ಟ ಅಂಟುತ್ತದೆ ಎಂಬ ಭಯದ ಬಗ್ಗೆ ಹೇಳುವುದಾದರೆ, ಮನೆ ಬಿಚ್ಚುವವರೆಲ್ಲ ಕೆಟ್ಟು ಬಿಚ್ಚುವುದಿಲ್ಲ. ಅಣ್ಣತಮ್ಮಂದಿರು ಪಾಲಾಗುತ್ತಾರೆ, ಮಕ್ಕಳು ಪೇಟೆ ಸೇರುತ್ತಾರೆ, ಆರ್‌ಸಿಸಿ ಬೇಕೆನ್ನಿಸುತ್ತದೆ. ಉಳವಿಯ ಆ ಮನೆಯವರು ಯಾಕೆ ಬಿಚ್ಚುತ್ತಿದ್ದಾರೆಂದು ಹೋಗಿ ನೀವೇ ಕೇಳಿ. ಅಷ್ಟಾಗಿಯೂ ಮನಸ್ಸು ಒಪ್ಪದಿದ್ದರೆ ಹೆಬ್ಬಾಗಿಲು ಮತ್ತು ಅದರ ದಾರಂದ ಹೊಸ ಮರದ್ದೇ ಇರಲಿ. ದಿನಾ ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಬಿಡುವವರು ನೀವು, ಅಲ್ಲಿ ನಿಮ್ಮ ಸಮಾಧಾನ ಮುಖ್ಯ. ಒಳಬಾಗಿಲು, ಜಗಲಿ ಕಂಬ, ತೊಲೆಗೆ ಹಳೇದು ಬರಲಿ. ಯಜಮಾನರು ಇಷ್ಟಕ್ಕೆ ಒಪ್ಪದಿರಲಾರರು.

ಈಗ ಉಳವಿಗೆ ಇಬ್ಬರೂ ಒಟ್ಟಿಗೆ ಹೋಗಿ, ಪರಿಚಯದ ಬಡಗಿಯೊಬ್ಬರನ್ನೂ ಕರೆದುಕೊಳ್ಳಿ. ಐವತ್ತು ಅರವತ್ತು ವರ್ಷ ಸೂರಿನಡಿ ನಿಂತ ಹೊನ್ನೆ, ಮತ್ತಿ, ಹಲಸಿನ ಮರ ಒಣಗುವಷ್ಟು ಒಣಗಿರುತ್ತದೆ. ಇನ್ನು ಅದು ಸೊಟ್ಟಗಾಗುವುದು ಕಡಿಮೆ. ಹಸಿ ಇರುವಾಗಲೇ ಕೊಯ್ದು ಮಾಡಿಸಿದ ಹೊಸ ಬಾಗಿಲಾದರೆ ಮಳೆಗಾಲದಲ್ಲಿ ಬಿಗಿದುಕೊಂಡು ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಹಾಗಂತ ಹಳೇದೆಲ್ಲ ಗಟ್ಟಿ ಎಂದು ನಂಬಬೇಡಿ. ಕಂಬದ ಬುಡ, ತೊಲೆ ಗೋಡೆಯೊಳಗೆ ಕೂತಿದ್ದ ತುದಿ, ಈ ಎರಡು ಕಡೆ ಬಡಗಿ ಉಳಿ ಒತ್ತಿ ನೋಡಲಿ. ಉಳಿ ಸಲೀಸಾಗಿ ಒಳಗಿಳಿದರೆ ಅಲ್ಲಿಯವರೆಗೆ ಗೆದ್ದಲೋ ನೀರೋ ತಿಂದಿದೆ ಎಂದರ್ಥ. ಅಷ್ಟನ್ನು ಕತ್ತರಿಸಿದರೆ ಉದ್ದ ಸಾಲುತ್ತದೆಯೇ ಎಂದು ಅಲ್ಲೇ ಅಳೆಯಿರಿ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಒಳಗಿದೆ, ಆ ತುಂಡು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಹಳೇ ಮೊಳೆ ಕೀಳುವುದಕ್ಕೆ, ಹೆರೆಯುವುದಕ್ಕೆ ಕೂಲಿ ಬೀಳುತ್ತದೆ. ಅದನ್ನೂ ಸಾಗಾಟವನ್ನೂ ಸೇರಿಸಿದ ಮೇಲೆ ಬಂದದ್ದೇ ನಿಜವಾದ ಬೆಲೆ.

ಹಂಚನ್ನು ನೀವೇ ಪರೀಕ್ಷೆ ಮಾಡಬಹುದು. ಒಂದು ಕೈಯಲ್ಲಿ ಹಂಚು ಎತ್ತಿ ಹಿಡಿದು ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ಗಟ್ಟಿ ಹಂಚು. ಒಡಕು ಸದ್ದು ಬಂದರೆ ಕಣ್ಣಿಗೆ ಕಾಣದ ಸೀಳಿದೆ, ಮೊದಲ ದೊಡ್ಡ ಮಳೆಗೆ ಸೋರುತ್ತದೆ. ನಾಲ್ಕಾರು ಹಂಚಿನ ಮೇಲೆ ಒಂದು ಚೊಂಬು ನೀರು ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಅಡಿಭಾಗ ಮುಟ್ಟಿ ನೋಡಿ. ಕೆಲವು ಮಂಗಳೂರು ಹಂಚಿನ ಮೇಲೆ 1865 ಎಂದು ಒತ್ತಿರುತ್ತದೆ. ಅದು ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ವರ್ಷ, ಆ ಹಂಚು ಸುಟ್ಟ ವರ್ಷವಲ್ಲ. ಅದನ್ನು ತೋರಿಸಿ ಯಾರಾದರೂ ಹೆಚ್ಚು ರೇಟು ಹೇಳಿದರೆ ಒಪ್ಪಬೇಡಿ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹಂಚು ತನ್ನಿ. ಸಾಗಿಸುವಾಗ ಒಡೆಯುತ್ತವೆ, ಮುಂದೆ ಮಂಗ ಹಾರಿದಾಗಲೂ ಬೇಕಾಗುತ್ತವೆ. ಅಳತೆ ಕೂಡುವ ಹಂಚು ಆಮೇಲೆ ಸಿಗುವುದು ಕಷ್ಟ.

ಟಿಲ್ಲರ್ ನಿಮ್ಮ ಗದ್ದೆಯಲ್ಲಿ ದುಡಿಯುವುದು ವರ್ಷದಲ್ಲಿ ಕೆಲವು ವಾರ. ಮಿಕ್ಕ ದಿನ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ. ಅದಕ್ಕೆಂದು ಎರಡು ಲಕ್ಷವನ್ನು ನೂರಕ್ಕೆ 12ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಂದಿರಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 4,450 ರೂಪಾಯಿ. ಸಾಲ ತೀರುವಷ್ಟರಲ್ಲಿ ಬಡ್ಡಿಯೇ ಹತ್ತಿರ ಹತ್ತಿರ 67,000 ರೂಪಾಯಿ ಆಗಿರುತ್ತದೆ. ಅಡಿಕೆಗೆ ಕೊಳೆ ಬಂದ ವರ್ಷವೂ ಕಂತು ನಿಲ್ಲುವುದಿಲ್ಲ. ಒಡವೆ ಅಡವಿಡುತ್ತೇನೆ ಎನ್ನುತ್ತೀರಿ. ಅದು ನಿಮ್ಮ ಕೈಯಲ್ಲಿರುವ ಆಪತ್ತಿನ ದುಡ್ಡು. ನಾಲ್ಕು ಜನರ ಮಾತಿಗೆ ಹೆದರಿ ಅದನ್ನು ಬ್ಯಾಂಕಿನ ಲಾಕರಿಗೆ ಕಳಿಸುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ.

ಆದರೆ ಹಳೇ ಯಂತ್ರ ಕೊಳ್ಳುವಾಗ ಗಡಿಬಿಡಿ ಬೇಡ. ಬೆಳಿಗ್ಗೆ ಬೇಗ, ಎಂಜಿನ್ ತಣ್ಣಗಿರುವಾಗ ಹೋಗಿ. ನೀವು ಹೋಗುವಷ್ಟರಲ್ಲಿ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗಬೇಕು. ನೀಲಿ ಹೊಗೆ ಬಿಡುತ್ತಲೇ ಇದ್ದರೆ ಆಯಿಲ್ ಉರಿಯುತ್ತಿದೆ, ಎಂಜಿನ್ ಕೆಲಸ ಬಂದಿದೆ. ಗೇರ್‌ಬಾಕ್ಸಿನ ಅಡಿಯಲ್ಲಿ ಎಣ್ಣೆ ಜಿನುಗಿದೆಯೇ, ಬೆಲ್ಟು ಸೀಳಿದೆಯೇ, ಕ್ಲಚ್ ಹಿಡಿಯುತ್ತದೆಯೇ ಎಂದು ಮೆಕ್ಯಾನಿಕ್ ನೋಡಲಿ. ಆಗುವುದಾದರೆ ಗದ್ದೆಯಲ್ಲಿ ಅರ್ಧ ಗಂಟೆ ಹೂಡಿಸಿಯೇ ಮಾತು ಮುಗಿಸಿ. ಮೂಲ ಬಿಲ್ಲು ಕೇಳಿ, ಸಾಲವಿದ್ದರೆ ತೀರಿದ ಪತ್ರ ಕೇಳಿ. ಸಬ್ಸಿಡಿಯಲ್ಲಿ ಪಡೆದ ಯಂತ್ರವಾದರೆ ಮಾರುವುದಕ್ಕೆ ಷರತ್ತು ಇರಬಹುದು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.

ಮಗಳ ಸ್ಕೂಟಿಗೆ ಕಾಗದ ಪತ್ರವೇ ಮುಖ್ಯ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ಕೂಡಬೇಕು. ನಮೂನೆ 29 ಮತ್ತು 30ಕ್ಕೆ ಮಾರಿದವರ ಸಹಿ ಹಾಕಿಸಿಕೊಂಡು, ಕೊಂಡ 30 ದಿನದೊಳಗೆ ಹೆಸರು ಬದಲಾವಣೆಗೆ ಆರ್‌ಟಿಒಗೆ ಅರ್ಜಿ ಹಾಕಿ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಕಂಪನಿಗೆ ಬರೆಯಬೇಕು. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ನಮೂನೆ 35 ಬೇಕು. “ಹೆಸರು ಆಮೇಲೆ ಮಾಡಿಸಿದರಾಯ್ತು” ಎಂದವರ ಹತ್ತಿರ ವ್ಯವಹಾರ ಬೇಡ. ನೋಂದಣಿ ಅವಧಿ 15 ವರ್ಷ. ಅದು ಮುಗಿಯಲು ಬಂದ ಗಾಡಿಯನ್ನು ಅಗ್ಗವೆಂದು ತರಬೇಡಿ. ಹೆಲ್ಮೆಟ್ ಮಾತ್ರ ಹೊಸದೇ ಆಗಬೇಕು, ಐಎಸ್‌ಐ ಗುರುತಿನದು. ಒಮ್ಮೆ ಬಿದ್ದ ಹೆಲ್ಮೆಟ್ ಒಳಗೆ ಒಡೆದಿದ್ದರೂ ಹೊರಗೆ ಕಾಣುವುದಿಲ್ಲ. ಗಾಡಿಯ ಟೈರು, ಅಡುಗೆಮನೆಯ ಗ್ಯಾಸ್ ಪೈಪು, ಹೊಸ ಮನೆಯ ವೈರಿಂಗ್ ಕೂಡ ಹೊಸದೇ ಇರಲಿ. ಇಲ್ಲಿ ಉಳಿಸಲು ಹೋಗಬೇಡಿ ಎಂದು ಯಜಮಾನರಿಗೆ ಹೇಳುವ ಹಕ್ಕು ನಿಮಗಿದೆ.

ಟಿಲ್ಲರೂ ಸ್ಕೂಟಿಯೂ ಬಂದ ದಿನ ಶಿಕಾರಿಪುರದ ಹುಚ್ಚರಾಯಸ್ವಾಮಿ ದೇವಸ್ಥಾನದ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿ. ನಿಮ್ಮ ತಮ್ಮನನ್ನೂ ಕರೆಯಿರಿ. ಅವನದು ಹುಡುಗಾಟದ ಮಾತು ಇರಬಹುದು. ಆದರೂ “ಎಲ್ಲರೆದುರಿಗೆ ಹಾಗಂದದ್ದು ನನಗೆ ನೋವಾಯ್ತು ಕಣೋ” ಎಂದು ಒಂದು ಸಲ ನೇರವಾಗಿ ಹೇಳಿಬಿಡಿ. ಒಳಗಿಟ್ಟುಕೊಂಡರೆ ತವರಿನ ದಾರಿಯೇ ದೂರವಾಗುತ್ತದೆ. ಇನ್ನು ಮಗಳನ್ನು ನೋಡಲು ಬರುವವರು ಜಗಲಿಯ ಕಂಬ ನೋಡಿ ಸಂಬಂಧ ಬೇಡವೆಂದರೆ, ಅಂಥ ಮನೆಗೆ ಮಗಳನ್ನು ಕೊಡುವ ಮುಂಚೆ ನೀವೇ ಎರಡು ಸಲ ಯೋಚಿಸಬೇಕಾಗುತ್ತದೆ.

ಒಂದು ಕೆಲಸ ತುರ್ತಾಗಿ ಆಗಬೇಕು. ಹಳೇ ಮನೆಯದ್ದೇ ಆದರೂ ಮರ ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಬೇಕಾಗಬಹುದು. ತೇಗ, ಬೀಟೆ, ಹೊನ್ನೆ ಇದ್ದರಂತೂ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳದೆ ಲಾರಿ ಹತ್ತಿಸಬೇಡಿ. ಮನೆ ಬಿಚ್ಚಿದವರಿಂದ ಯಾವ ಮರ, ಎಷ್ಟು ತುಂಡು ಎಂದು ಬರೆಸಿ ಸಹಿ ಮಾಡಿಸಿಕೊಳ್ಳಿ. ಉಳಿದ ದುಡ್ಡನ್ನು ಆ ಕಾಗದ ಕೈಗೆ ಬಂದ ಮೇಲೆಯೇ ಕೊಡಿ. ಮಳೆ ಹಿಡಿಯುವ ಮುಂಚೆ ಮರ ನಿಮ್ಮ ಸೂರಿನಡಿ ಬಂದಿರಬೇಕು. ಆದ್ದರಿಂದ ಯಜಮಾನರ ಹತ್ತಿರ ಈ ವಾರವೇ ಮಾತು ತೆಗೆಯಿರಿ.