ಕಂಠ ಊರಿನದು, ನಂಟು ಕಾಲೇಜಿನದು

ಪಿಯುಸಿ ಫಲಿತಾಂಶ ಬಂದ ವಾರ ನಂಜನಗೂಡು, ತಿ. ನರಸೀಪುರದ ಕಡೆಯಿಂದ ನನಗೆ ಫೋನು ಜಾಸ್ತಿ. ಕೇಳುವುದು ಒಂದೇ ಮಾತು: "ಅಣ್ಣ, ಹುಡುಗ ಚೆನ್ನಾಗಿ ಹಾಡ್ತಾನೆ. ಬೆಂಗ್ಳೂರಲ್ಲಿ ಕ್ರೈಸ್ಟ್‌ಗೆ ಸೇರ್ಸುದ್ರೆ ಮ್ಯೂಸಿಕ್ ಫೀಲ್ಡಿಗೆ ದಾರಿ ಆಯ್ತದಾ?" ನಾನು ಬಿಳಿಗೆರೆ ಹೋಬಳಿಯವನು. ಬೆಂಗಳೂರಿನ ಸ್ಟುಡಿಯೋಗಳಲ್ಲಿ ರೆಕಾರ್ಡಿಂಗ್, ಮಿಕ್ಸಿಂಗ್ ಮಾಡಿ ಬದುಕುತ್ತೇನೆ. ಕ್ರೈಸ್ತ ಕಾಲೇಜುಗಳಲ್ಲಿ ಓದಿದ ಹುಡುಗರೊಂದಿಗೂ ಊರಿನ ತಂಬೂರಿಯವರೊಂದಿಗೂ ಕೂತು ಕೆಲಸ ಮಾಡಿದ್ದೇನೆ. ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

1. ಕಾಲೇಜಿನಲ್ಲಿ ಸಿಗುವುದು ಜೊತೆಗಾರರು

ಸಿಎಂಐ ಎಂಬ ಕ್ಯಾಥೊಲಿಕ್ ಸಭೆಯ ಪಾದ್ರಿಗಳು 1969ರಲ್ಲಿ ಕಟ್ಟಿದ ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಬೆಂಗಳೂರಿನ ಹೆಸರಾಂತ ರಾಕ್ ತಂಡ 'ಥರ್ಮಲ್ ಅಂಡ್ ಎ ಕ್ವಾರ್ಟರ್' 1996ರಲ್ಲಿ ಹುಟ್ಟಿದ್ದು ಆ ಕಾಲೇಜಿನ ಹುಡುಗರಿಂದ. ತಂಡ ಕಟ್ಟಿ ಎಂದು ಯಾವ ಪಠ್ಯದಲ್ಲೂ ಇರಲಿಲ್ಲ. ಒಂದೇ ಹುಚ್ಚಿನವರು ಒಂದೇ ಆವರಣದಲ್ಲಿ ಸಿಕ್ಕರು, ಅಷ್ಟೇ. ಬೇರೆ ಕಡೆಯೂ ಹೀಗೆಯೇ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿರುವ ಬೆಲ್ಮಾಂಟ್ ವಿಶ್ವವಿದ್ಯಾಲಯ ಕ್ರೈಸ್ತ ಸಂಸ್ಥೆಯೂ ಹೌದು, ಸಂಗೀತ ಉದ್ಯಮಕ್ಕೆ ಜನರನ್ನು ತಯಾರು ಮಾಡುವುದಕ್ಕೆ ಹೆಸರಾದದ್ದೂ ಹೌದು. ಅಲ್ಲಿನ 'ಕಂಟ್ರಿ' ಸಂಗೀತದ ಹಾಡುಗಾರ ಬ್ರ್ಯಾಡ್ ಪೈಸ್ಲಿಗೆ ಮುಂದೆ ವರ್ಷಗಟ್ಟಲೆ ಆಲ್ಬಂ ಮಾಡಿಕೊಟ್ಟ ನಿರ್ಮಾಪಕ ಫ್ರ್ಯಾಂಕ್ ರಾಜರ್ಸ್ ಅಲ್ಲಿ ಸಿಕ್ಕಿದ ಸಹಪಾಠಿ. ಆದ್ದರಿಂದ ಕಾಲೇಜು ನೋಡಲು ಹೋದಾಗ ಕಟ್ಟಡ ಆಮೇಲೆ ನೋಡಿ. ಸಂಜೆ ಅಲ್ಲಿ ಯಾರು ಗಿಟಾರ್ ಹಿಡಿದು ಕೂತಿರುತ್ತಾರೆ, ಅದನ್ನು ಮೊದಲು ನೋಡಿ.

2. ಮೈಕಿನ ಮುಂದೆಯೇ ಬಾಗಿಲು ಇರುವುದಿಲ್ಲ

ನಮ್ಮ ಹುಡುಗರೆಲ್ಲ ಗಾಯಕರಾಗಲು ಬರುತ್ತಾರೆ. ಆದರೆ ದಾರಿ ಪಕ್ಕದ ಬಾಗಿಲಿನಿಂದಲೂ ತೆರೆಯುತ್ತದೆ. ಕಂಟ್ರಿ ಗಾಯಕಿ ಟ್ರಿಶಾ ಇಯರ್‌ವುಡ್ ಬೆಲ್ಮಾಂಟ್‌ನಲ್ಲಿ ಓದುತ್ತಲೇ ಎಂಟಿಎಂ ರೆಕಾರ್ಡ್ಸ್ ಕಚೇರಿಯಲ್ಲಿ ಇಂಟರ್ನ್ ಆದಳು, 1987ರಲ್ಲಿ ಪದವಿ ಪಡೆದಳು. ಸ್ವಾಗತದ ಮೇಜಿನಲ್ಲೂ ಕೂತಳು, ಬೇರೆಯವರಿಗಾಗಿ ಡೆಮೊ ಹಾಡಿದಳು. 1991ರಲ್ಲಿ ಅವಳ ಮೊದಲ ಹಾಡೇ ಕಂಟ್ರಿ ಪಟ್ಟಿಯ ತುದಿಗೇರಿತು. ಬೆಲ್ಮಾಂಟ್‌ಗೆ ಹಳೆಯ ಚರ್ಚ್ ಕಟ್ಟಡದೊಳಗೆ ತನ್ನದೇ ವೃತ್ತಿಪರ ಸ್ಟುಡಿಯೋ ಇದೆ, ಅದರ ಹೆಸರು ಓಷನ್ ವೇ. ನಮ್ಮಲ್ಲಿ ಕಾಲೇಜಿಗೂ ಸ್ಟುಡಿಯೋಗೂ ಅಷ್ಟು ನೇರ ನಂಟು ಬೆಳೆದಿಲ್ಲ. ಬೆಂಗಳೂರಿನಲ್ಲಿ ಅದನ್ನು ವಿದ್ಯಾರ್ಥಿಯೇ ಕಟ್ಟಿಕೊಳ್ಳಬೇಕು. ಬಿಡುವಿನ ದಿನ ಸ್ಟುಡಿಯೋಗೆ ಹೋಗಿ ಕೇಬಲ್ ಸುತ್ತಿ, ಟ್ರ್ಯಾಕಿಗೆ ಸರಿಯಾದ ಹೆಸರಿಟ್ಟು ಸೇವ್ ಮಾಡಿ, ಕೋರಸ್‌ಗೆ ಜನ ಕಡಿಮೆ ಬಿದ್ದಾಗ ನಿಲ್ಲಿ. ನಾನು ಬಲ್ಲ ಬಹುಪಾಲು ಹಿನ್ನೆಲೆ ಗಾಯಕರು ಮೊದಲು ಬೇರೆಯವರಿಗಾಗಿ ಟ್ರ್ಯಾಕ್ ಹಾಡಿದವರೇ.

3. ಸಂಗೀತದ ಪದವಿಯೋ, ಸಂಗೀತವಿರುವ ಕ್ಯಾಂಪಸ್ಸೋ?

ಎರಡೂ ಬೇರೆ. ಶಾಸ್ತ್ರೀಯ ಸಂಗೀತವನ್ನೇ ಪದವಿಯಾಗಿ ಓದುವುದಾದರೆ ಡಾ. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಮೈಸೂರಿನಲ್ಲೇ ಇದೆ. ಊರಿಂದ ಬಸ್ಸಿನ ದೂರ. ಬಿಕಾಂ ಓದುತ್ತ ಸಂಗೀತದ ಸಹವಾಸ ಬೇಕೆಂದರೆ ಕ್ರೈಸ್ಟ್‌ನಂಥ ಕಡೆ ಅರ್ಥವಿದೆ. ಅಲ್ಲಿನ 'ದರ್ಪಣ್', 'ಬ್ಲಾಸಮ್ಸ್' ಉತ್ಸವಗಳಲ್ಲಿ ಹೊಸ ಹುಡುಗನಿಗೂ ವೇದಿಕೆ ಸಿಗುತ್ತದೆ. ಆದರೆ ಹಾಜರಾತಿ ಬಿಗಿ, ಶೇ 85 ಬೇಕು. ಜಾತ್ರೆ ಕಾಲದಲ್ಲಿ ರಾತ್ರಿಯೆಲ್ಲ ಆರ್ಕೆಸ್ಟ್ರಾದಲ್ಲಿ ಹಾಡಿ ಬೆಳಗ್ಗೆ ಕ್ಲಾಸು ತಪ್ಪಿಸುವವನಿಗೆ ಆ ಜಾಗ ಒಗ್ಗುವುದಿಲ್ಲ.

4. ಸ್ಟಾಫ್ ನೊಟೇಶನ್ ಓದಲು ಕಲಿತು ಹೋಗಿ

ಚರ್ಚಿನ ಕಾಯರ್‌ನಲ್ಲಿ ಬೆಳೆದ ಹುಡುಗಿಗೂ ಭಜನೆಯಲ್ಲಿ ಬೆಳೆದ ಹುಡುಗನಿಗೂ ಇರುವ ದೊಡ್ಡ ವ್ಯತ್ಯಾಸ ದನಿಯಲ್ಲಿಲ್ಲ. ಅವಳು ಚಿಕ್ಕಂದಿನಿಂದ ನಾಲ್ಕು ದನಿಗಳ ನಡುವೆ ನಿಂತಿದ್ದಾಳೆ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್. ಪಕ್ಕದವರು ಬೇರೆ ಸ್ವರ ಹಿಡಿದಿರುವಾಗ ತನ್ನ ಸ್ವರ ಬಿಡದೆ ನಿಲ್ಲುವುದು ಅವಳಿಗೆ ಅಭ್ಯಾಸ. ನಮ್ಮ ಹುಡುಗ ಪಕ್ಕದವರ ಕಡೆಗೇ ಜಾರುತ್ತಾನೆ. ಸ್ಟುಡಿಯೋದಲ್ಲಿ ಗಂಟೆಗೆ ಬಾಡಿಗೆ. ಸ್ಟಾಫ್ ನೊಟೇಶನ್ನಿನಲ್ಲಿ ಸ್ವರ ಬರೆದ ಹಾಳೆ ನೋಡಿದೊಡನೆ ಹಾಡುವವರನ್ನು ಮತ್ತೆ ಕರೆಯುತ್ತಾರೆ.

ಹಾಳೆ ಓದಿದರೆ ನಮ್ಮ ಸಂಗೀತ ಕೆಡುತ್ತದೆ ಅನ್ನುವವರಿಗೆ ನಾನು ತೋರಿಸುವುದು ಮೈಸೂರಿನ ಅರಮನೆ. ಪಿಯಾನೊ ಕಲಿತು 1945ರಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಆದ ಜಯಚಾಮರಾಜ ಒಡೆಯರೇ ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು.

5. ಮಾದಪ್ಪನನ್ನೂ ಮಂಟೇಸ್ವಾಮಿಯನ್ನೂ ಜೊತೆಗೆ ಕರೆದೊಯ್ಯಿರಿ

ಬೆಂಗಳೂರಿನಲ್ಲಿ ಇಂಗ್ಲಿಷ್ ಪಾಪ್ ಹಾಡುವವರು ಬೀದಿಗೊಬ್ಬರು. ಮಾದಪ್ಪನ ಕಂಸಾಳೆಯ ತಾಳ ಕೈಯಲ್ಲಿರುವವರು, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ತಂಬೂರಿ ಪದದ ಎಳೆತ ಬಲ್ಲವರು ಎಷ್ಟು ಜನ? 1996ರ 'ಜನುಮದ ಜೋಡಿ' ಸಿನಿಮಾದಲ್ಲಿ ಮಾದಪ್ಪನ ಪದ ನಾಡಿನ ಮನೆಮನೆಗೆ ಮುಟ್ಟಿತು. ಆ ಪದ ನಮ್ಮ ಜಗಲಿಯಲ್ಲಿ ಅದಕ್ಕೂ ಎಷ್ಟೋ ಮೊದಲಿನಿಂದ ಇತ್ತು. ಹೊರಡುವ ಮೊದಲು ಊರಿನ ಹಿರಿಯರ ಹತ್ತಿರ ಕೂತು ಒಂದು ಕಥೆಯ ಸಾಲನ್ನಾದರೂ ಪೂರ್ತಿ ಕಲಿಯಿರಿ. ಸುತ್ತೂರು ಜಾತ್ರೆಯ ಭಜನಾ ಮೇಳದಲ್ಲಿ ಬೇರೆ ಜಿಲ್ಲೆಯವರು ಹೇಗೆ ಎತ್ತಿಕೊಳ್ಳುತ್ತಾರೆ ಕೇಳಿ. ರೆಕಾರ್ಡ್ ಮಾಡುವಾಗ ಕಲಿಸಿದವರ ಹೆಸರು ಹಾಕಿ, ದುಡ್ಡು ಬಂದರೆ ಅವರಿಗೂ ಮುಟ್ಟಿಸಿ.

6. ಸಹಿಗೆ ಮೊದಲು ಕಾಗದ ಓದಿ

ಬೆಲ್ಮಾಂಟ್‌ನಲ್ಲಿ ಸಂಗೀತದ ವ್ಯವಹಾರವೇ ಒಂದು ಪದವಿ. ನಮ್ಮ ಹುಡುಗರು ಅದನ್ನು ಕಲಿಯುವುದು ಹಾಡು ಕೈಬಿಟ್ಟ ಮೇಲೆ. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಕೇಳಿಸುವುದನ್ನು ಬಿಟ್ಟು ಉಳಿದ ಬಳಕೆಗೆ, ಗೀತೆ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯಲ್ಲಿ ಪಾಲಿದೆ. ಆ ಪಾಲನ್ನು ಕಂಪನಿಗೆ ಬರೆದುಕೊಟ್ಟರೂ ಊರ್ಜಿತವಲ್ಲ. ಅದನ್ನು ವಸೂಲಿ ಮಾಡಿಕೊಡುವ ಐಪಿಆರ್‌ಎಸ್ 1969ರಿಂದ ಇದೆ. ನೀವು ಬರೆದ ಇಲ್ಲವೇ ರಾಗ ಹಾಕಿದ ಒಂದು ಹಾಡು ಬಿಡುಗಡೆಯಾದರೂ ಸದಸ್ಯತ್ವಕ್ಕೆ ಅರ್ಜಿ ಹಾಕಿ. ಕಾನೂನು ವಿಭಾಗವಿರುವ ಕಾಲೇಜಾದರೆ ಒಪ್ಪಂದವನ್ನು ಅಲ್ಲಿನ ಅಧ್ಯಾಪಕರಿಗೆ ಒಮ್ಮೆ ತೋರಿಸಿ. ಫೀಸಿನಲ್ಲಿ ಅಷ್ಟಾದರೂ ವಾಪಸು ಬರಲಿ.

7. ಅಲ್ಲೂ ಕನ್ನಡ ಇದೆ, ಹುಡುಕಿಕೊಳ್ಳಿ

ಇಂಗ್ಲಿಷಿಗೆ ಹೆದರಿ ಮೂಲೆ ಹಿಡಿಯುವವರು ನಮ್ಮವರೇ ಹೆಚ್ಚು. ಅದೇ ಕ್ರೈಸ್ಟ್ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು ಚಿ. ಶ್ರೀನಿವಾಸರಾಜು ಬೆಳೆಸಿದ ಕನ್ನಡ ಸಂಘ ವಿದ್ಯಾರ್ಥಿಗಳಿಗೆ ಬೇಂದ್ರೆ ಸ್ಮೃತಿ ಕವನ ಸ್ಪರ್ಧೆ ನಡೆಸಿತು, ಹೊಸಬರ ಪುಸ್ತಕ ಅಚ್ಚು ಹಾಕಿತು. ರಾಗ ಹಾಕುವವನಿಗೆ ಕವಿಯ ಸ್ನೇಹಕ್ಕಿಂತ ದೊಡ್ಡ ಬಂಡವಾಳವಿಲ್ಲ.

8. ಧರ್ಮದ ಅಳುಕು

"ಪಾದ್ರಿಗಳ ಕಾಲೇಜು, ಹುಡುಗ ಬದಲಾಗ್ಬುಟ್ರೆ?" ಎಂದು ಅವ್ವಂದಿರು ಕೇಳುತ್ತಾರೆ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ; ಸಂವಿಧಾನದ 28ನೇ ವಿಧಿಯಲ್ಲೇ ಇದೆ. ಕ್ರಿಸ್ಮಸ್ ಕ್ಯಾರಲ್ ಹಾಡಿಬಂದ ಎಷ್ಟೋ ಹುಡುಗರು ಶಿವರಾತ್ರಿಗೆ ಮಾದಪ್ಪನ ಬೆಟ್ಟ ಹತ್ತುವುದನ್ನು ನಾನು ಕಂಡಿದ್ದೇನೆ.

9. ಜಮೀನು ಮಾರಬೇಡಿ

ಖಾಸಗಿ ವಿಶ್ವವಿದ್ಯಾಲಯದ ಫೀಸಿನ ಮೇಲೆ ಹಾಸ್ಟೆಲು, ವಾದ್ಯ, ಓಡಾಟ ಸೇರುತ್ತದೆ. ಈ ಕಸುಬಿನಲ್ಲಿ ಮೊದಲ ವರ್ಷಗಳ ಗಳಿಕೆ ಸಾಲದ ಕಂತಿಗೂ ಸಾಲದು. ಹಾಗಾಗಿ ಪದವಿ ಬೇರೆ ಕೆಲಸಕ್ಕೂ ಆಗುವಂಥದ್ದಿರಲಿ. ವಿದ್ಯಾರ್ಥಿವೇತನ ಎಷ್ಟು ಜನಕ್ಕೆ ಸಿಗುತ್ತದೆ, ಅಭ್ಯಾಸಕ್ಕೆ ಕೋಣೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಹೋದ ವರ್ಷ ಯಾರು ಯಾವ ಸ್ಟುಡಿಯೋದಲ್ಲಿ ಇಂಟರ್ನ್ ಆದರು ಎಂಬ ಮೂರನ್ನು ಪ್ರವೇಶ ಕಚೇರಿಯಲ್ಲಿ ಕೇಳಿ. ಮೂರಕ್ಕೂ ನೇರ ಉತ್ತರ ಬಂದರೆ ಅರ್ಜಿ ತನ್ನಿ. ತಡವರಿಸಿದರೆ ಮೈಸೂರಿನಲ್ಲೇ ಓದಿಸಿ, ಉಳಿದ ದುಡ್ಡಿನಲ್ಲಿ ಒಳ್ಳೆಯ ಗುರುವನ್ನು ಹುಡುಕಿ.