ನಿಮ್ಮ ಶಾಲೆಗೆ ಹೊಸ ಶಿಕ್ಷಕಿ ಬರುತ್ತಿದ್ದಾರೆಯೇ?

ಕೌನ್ಸೆಲಿಂಗ್‌ನಲ್ಲಿ ಊರು ಆರಿಸಿಕೊಳ್ಳಲು ಸಿಗುವುದು ಕೆಲವೇ ನಿಮಿಷ. ಆಮೇಲೆ ಆ ಊರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಬೇಕು. ಅಲ್ಲಿಯವರೆಗಿನ ಕಾಯುವಿಕೆಯೂ ಚಿಕ್ಕದಲ್ಲ. 2022ರಲ್ಲಿ ಅಧಿಸೂಚನೆ ಹೊರಟ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯನ್ನೇ ನೋಡಿ. ಪರೀಕ್ಷೆ, ಆಯ್ಕೆಪಟ್ಟಿ, ನ್ಯಾಯಾಲಯ ಎಲ್ಲ ದಾಟಿ ಆದೇಶ ಕೈಸೇರುವ ಹೊತ್ತಿಗೆ 2023 ಮುಗಿಯುತ್ತ ಬಂದಿತ್ತು. ಅಷ್ಟು ಕಾದು ಬಂದವರ ಮೊದಲ ದಿನಗಳು ಹೇಗಿರಬೇಕು ಎಂಬುದು ಮುಖ್ಯಶಿಕ್ಷಕರ ಮತ್ತು ಶಾಲೆಯಲ್ಲಿರುವ ನಾಲ್ಕೈದು ಸಹೋದ್ಯೋಗಿಗಳ ಕೈಯಲ್ಲಿದೆ. ಇಲಾಖೆ ತರಬೇತಿ ಕೊಡುತ್ತದೆ, ಬಾಡಿಗೆ ಮನೆ ಹುಡುಕಿಕೊಡುವುದಿಲ್ಲ. ಶಾಲು, ಹಾರ, ಗ್ರೂಪ್ ಫೋಟೊ ಇದ್ದರೆ ಸಂತೋಷವೇ. ಆದರೆ ಹೊಸಬರು ಊರಿಗೆ ಹೊಂದಿಕೊಂಡು ನಿಲ್ಲುವುದು ಮನೆ, ಬಸ್ಸಿನಂಥ ಸಣ್ಣಪುಟ್ಟ ಏರ್ಪಾಡುಗಳಿಂದಲೇ ಎಂದು ನಾನು ನಂಬಿದ್ದೇನೆ.

ಬರುವ ಮೊದಲೇ ಮಾಡಬೇಕಾದ್ದು

ಬಿಇಒ ಕಚೇರಿಯಿಂದ ಹೆಸರು, ಫೋನ್ ನಂಬರ್ ಸಿಕ್ಕ ದಿನವೇ ಒಂದು ಫೋನ್ ಮಾಡಿ. ತಾಲ್ಲೂಕು ಕೇಂದ್ರದಿಂದ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸು, ಅದು ತಪ್ಪಿದರೆ ಆಟೊ ಎಲ್ಲಿ ಸಿಗುತ್ತದೆ, ಯಾವ ಕ್ರಾಸ್‌ನಲ್ಲಿ ಇಳಿಯಬೇಕು, ಅಲ್ಲಿಂದ ಎಷ್ಟು ನಡೆಯಬೇಕು, ಸಂಜೆ ಕೊನೆಯ ಬಸ್ಸು ಯಾವುದು ಎಂದು ವಿವರವಾಗಿ ಹೇಳಿ. ಜೊತೆಗೆ ವಾಟ್ಸ್ಆ್ಯಪ್‌ನಲ್ಲಿ ಲೊಕೇಶನ್ ಕಳಿಸಿ.

ಮನೆಯ ವಿಷಯಕ್ಕೆ ಹೆಚ್ಚು ಗಮನ ಬೇಕು. ಮಂಡ್ಯದ ಕಡೆಯ ಹೆಣ್ಣುಮಗಳೊಬ್ಬಳು ವಿಜಯಪುರ ಜಿಲ್ಲೆಯ ಹಳ್ಳಿಗೆ ಬಂದಳೆಂದುಕೊಳ್ಳಿ. ಒಂಟಿಯಾಗಿ ಬಂದವಳಿಗೆ ಮನೆ ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಜಾತಿ ಕೇಳಿಕೊಂಡು, ಆಮೇಲೆ ‘ಮನೆ ಖಾಲಿ ಇಲ್ಲ’ ಎನ್ನುವವರೂ ಇದ್ದಾರೆ. ಆಕೆ ಮನೆಮನೆಯ ಬಾಗಿಲಲ್ಲಿ ನಿಂತು ಆ ಮಾತು ಕೇಳಿಸಿಕೊಳ್ಳುವ ಪರಿಸ್ಥಿತಿ ಬರಲೇಬಾರದು. ಎಸ್‌ಡಿಎಂಸಿ ಅಧ್ಯಕ್ಷರನ್ನೋ ಊರಿನಲ್ಲಿ ಮಾತು ನಡೆಯುವ ಹಿರಿಯರೊಬ್ಬರನ್ನೋ ಕರೆದುಕೊಂಡು ಹೋಗಿ, ಮುಖ್ಯಶಿಕ್ಷಕರೇ ಎರಡು ಮೂರು ಮನೆ ವಿಚಾರಿಸಿಡಲಿ. ಆಯ್ಕೆ ಆಕೆಗೇ ಬಿಡಿ. ನೀರು ಯಾವ ಹೊತ್ತಿಗೆ ಬರುತ್ತದೆ, ಮುಂಗಡ ಎಷ್ಟು ಎಂಬುದನ್ನೂ ಮೊದಲೇ ತಿಳಿಸಿ. ಸ್ಟಾಫ್ ರೂಮಿನಲ್ಲಿಯೂ ಅಷ್ಟೇ, ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆಯನ್ನು ಯಾರೂ ಎತ್ತದಂತೆ ಮುಖ್ಯಶಿಕ್ಷಕರು ಮೊದಲೇ ಹೇಳಿಡುವುದು ಒಳ್ಳೆಯದು. ಕುತೂಹಲಕ್ಕೆಂದು ಕೇಳಿದರೂ ಎದುರಿಗಿದ್ದವರಿಗೆ ಅದು ಚುಚ್ಚುತ್ತದೆ.

ವರದಿ ಮಾಡಿಕೊಳ್ಳುವ ದಿನ

ಆದೇಶದ ಪ್ರತಿ ಪಡೆದು, ಹಾಜರಿ ಪುಸ್ತಕದಲ್ಲಿ ಹೆಸರು ಬರೆದು ಸಹಿ ಹಾಕಿಸಿ. ಕುಳಿತುಕೊಳ್ಳಲು ಗಟ್ಟಿಯಾದ ಕುರ್ಚಿ, ಪುಸ್ತಕ ಇಡಲು ಬೀರುವಿನಲ್ಲಿ ಒಂದು ಖಾನೆ ತೋರಿಸಿ. ಶೌಚಾಲಯದ ಬೀಗದ ಕೈ ಎಲ್ಲಿ ತೂಗುಹಾಕಿದೆ ಎಂಬುದನ್ನು ಮಹಿಳಾ ಸಹೋದ್ಯೋಗಿಯೊಬ್ಬರು ಆಗಲೇ ಹೇಳಲಿ. ಕೇಳಲು ಸಂಕೋಚಪಟ್ಟು ದಿನವಿಡೀ ನೀರು ಕುಡಿಯದೆ ಕೂರುವವರಿದ್ದಾರೆ.

ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ಪರಿಚಯಿಸಿ. ಬಿಸಿಯೂಟದ ಅಡುಗೆಯವರಿಗೂ ಪರಿಚಯ ಮಾಡಿಸಿ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ಅಡುಗೆಯ ರುಚಿ ನೋಡಿ ಪುಸ್ತಕದಲ್ಲಿ ಸಹಿ ಮಾಡುವ ನಿಯಮ ಇದೆಯಲ್ಲ, ಅವತ್ತಿನ ರುಚಿ ಹೊಸಬರೇ ನೋಡಲಿ. ಮಧ್ಯಾಹ್ನ ಅವರು ಒಬ್ಬರೇ ಡಬ್ಬಿ ಬಿಚ್ಚಿ ಕೂರುವಂತಾಗದಿರಲಿ.

ಮೊದಲ ಎರಡು ವಾರ

ಒಬ್ಬ ಅನುಭವಿ ಶಿಕ್ಷಕರನ್ನು ಹೆಸರು ಹೇಳಿ ಜೊತೆಮಾಡಿ. ‘ಏನಿದ್ದರೂ ಯಾರನ್ನಾದರೂ ಕೇಳಿ’ ಎಂದರೆ ಹೊಸಬರು ಯಾರನ್ನೂ ಕೇಳುವುದಿಲ್ಲ. ‘ಏನಿದ್ದರೂ ಇವರನ್ನು ಕೇಳಿ’ ಎನ್ನಬೇಕು.

ನಲಿ-ಕಲಿ ತರಗತಿ ವಹಿಸುವುದಾದರೆ ಇದು ಇನ್ನೂ ಮುಖ್ಯ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ಚಪ್ಪರ, ತಟ್ಟೆಗಳ ಸುತ್ತ ಕುಳಿತ ಗುಂಪುಗಳು. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಸಹಾಯ ಬೇಕು, ಇನ್ನೊಂದಕ್ಕೆ ಭಾಗಶಃ ಸಹಾಯ ಸಾಕು, ಮತ್ತೊಂದು ಗೆಳೆಯರಿಂದ ಕಲಿಯುತ್ತದೆ, ಒಂದು ಗುಂಪು ತಾನೇ ಕಲಿಯುತ್ತದೆ. ಪುಸ್ತಕದಲ್ಲಿ ಓದಿದವರಿಗೂ ನಲವತ್ತು ಮಕ್ಕಳ ಮುಂದೆ ನಿಂತಾಗ ಕೈಕಾಲು ಆಡುವುದಿಲ್ಲ. ಮೊದಲ ಮೂರು ದಿನ ಹಳೆಯ ಶಿಕ್ಷಕರು ನಡೆಸಲಿ, ಹೊಸಬರು ಕುಳಿತು ನೋಡಲಿ. ಆಮೇಲೆ ಒಂದು ಗುಂಪನ್ನು ಮಾತ್ರ ವಹಿಸಿಕೊಡಿ. ಯಾವ ಮಗು ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಪ್ರಗತಿ ನೋಟ ಮುಂದಿಟ್ಟುಕೊಂಡು ಒಂದೊಂದೇ ಹೆಸರು ಹಿಡಿದು ಹೇಳಿ. ಎರಡನೇ ವಾರ ಪೂರ್ತಿ ತರಗತಿ ವಹಿಸಿ, ಹಳಬರು ಹಿಂದೆ ಕೂರಲಿ. ‘ಅಕ್ಕೋರ, ಇವ ನನ್ನ ಪಾಟಿ ಕಸ್ಕೊಂಡಾನ್ರಿ’ ಎಂದು ಓಡಿಬರುವ ಮಗುವಿನ ಮಾತಿಗೆ ಮಂಡ್ಯದ ಕಿವಿ ಒಗ್ಗಲು ಸ್ವಲ್ಪ ದಿನ ಬೇಕು. ಅದನ್ನು ನಗೆಯ ವಿಷಯ ಮಾಡಬೇಡಿ. ತಪ್ಪಿದ್ದರೆ ತಿದ್ದಿ, ಮಕ್ಕಳ ಎದುರಿಗೆ ಮಾತ್ರ ತಿದ್ದಬೇಡಿ.

ಮೊದಲ ಸಂಬಳದವರೆಗೆ

ಮೊದಲ ಸಂಬಳ ಕೈಗೆ ಬರಲು ಎರಡು ಮೂರು ತಿಂಗಳು ಹಿಡಿಯುವುದುಂಟು. ದಾಖಲೆಗಳ ನೈಜತೆ ಪರಿಶೀಲನೆ, ಸೇವಾ ಪುಸ್ತಕ ತೆರೆಯುವುದು, ಎಚ್‌ಆರ್‌ಎಂಎಸ್‌ನಲ್ಲಿ ಹೆಸರು ಸೇರಿಸುವುದು, ಕಡ್ಡಾಯವಾದ ಕೆಜಿಐಡಿ ಪಾಲಿಸಿ, 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಇರುವ ಎನ್‌ಪಿಎಸ್‌ನ ಪ್ರಾನ್ ಸಂಖ್ಯೆ, ಹೀಗೆ ಒಂದೊಂದಕ್ಕೂ ಒಂದೊಂದು ಮೇಜು. ಮುಖ್ಯಶಿಕ್ಷಕರು ಒಂದು ದಿನ ಜೊತೆಯಲ್ಲಿ ಬಿಇಒ ಕಚೇರಿಗೆ ಹೋಗಿ, ಸಂಬಂಧಪಟ್ಟ ಗುಮಾಸ್ತರಿಗೆ ಪರಿಚಯ ಮಾಡಿಸಿದರೆ ಹಲವು ಓಡಾಟ ಉಳಿಯುತ್ತದೆ. ಕೊಟ್ಟ ಪ್ರತಿ ಕಾಗದಕ್ಕೂ ಸ್ವೀಕೃತಿ ಪಡೆಯಲು ಹೇಳಿಕೊಡಿ. ಸಂಬಳವಾಗುವವರೆಗೆ ಬಾಡಿಗೆಗೆ ತಡವಾದರೆ ಮನೆ ಮಾಲೀಕರಿಗೆ ನೀವೇ ಒಂದು ಮಾತು ಹೇಳಿ.

ಇಲ್ಲೇ ಇನ್ನೊಂದು ಮಾತು. ‘ನೀವು ಚಿಕ್ಕವರು, ಕಂಪ್ಯೂಟರ್ ಗೊತ್ತು’ ಎಂದು ಎಸ್‌ಎಟಿಎಸ್ ನಮೂದು, ಮೊಟ್ಟೆಯ ಲೆಕ್ಕ, ಸಭೆಯ ವರದಿ ಎಲ್ಲವನ್ನೂ ಹೊಸಬರ ಹೆಗಲಿಗೆ ಹಾಕುವುದು ಶುದ್ಧ ಅನ್ಯಾಯ. ಪಾಠ ಮಾಡಲೆಂದು ಬಂದವರು ತಿಂಗಳೊಳಗೆ ಗುಮಾಸ್ತರಾಗಿಬಿಡುತ್ತಾರೆ. ಕನಿಷ್ಠ ಮೂರು ತಿಂಗಳು ಈ ಕೆಲಸಗಳನ್ನು ಹಳಬರೇ ಹಂಚಿಕೊಳ್ಳಲಿ. ಮೂರು ತಿಂಗಳಾದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಏನು ಕಷ್ಟವಾಗುತ್ತಿದೆ ಎಂದು ಮುಖ್ಯಶಿಕ್ಷಕರು ಕೇಳಲಿ.

ಹೊಸದಾಗಿ ಸೇರಿದವರಿಗೆ

ಎಲ್ಲ ಶಾಲೆಯಲ್ಲೂ ಇಷ್ಟು ಅನುಕೂಲ ಸಿಗದಿರಬಹುದು. ಸಿಗದಿದ್ದರೆ ಬಾಯಿಬಿಟ್ಟು ಕೇಳಿ. ಪಾಠದ ತೊಡಕಿಗೆ ನಿಮ್ಮ ಕ್ಲಸ್ಟರ್‌ನ ಸಿಆರ್‌ಪಿ ಇದ್ದಾರೆ, ಸಂಬಳ ಮತ್ತು ಸೇವೆಯ ವಿಷಯಕ್ಕೆ ಬಿಇಒ ಕಚೇರಿ ಇದೆ, ಶಿಕ್ಷಕರ ಸಂಘದ ತಾಲ್ಲೂಕು ಪದಾಧಿಕಾರಿಗಳೂ ಇದ್ದಾರೆ. ಪರೀಕ್ಷಾರ್ಥ ಅವಧಿ ಸಾಮಾನ್ಯವಾಗಿ ಎರಡು ವರ್ಷ. ಅದರ ಭಯಕ್ಕೆ ಎಲ್ಲವನ್ನೂ ನುಂಗಿಕೊಂಡು ಇರಬೇಕಿಲ್ಲ. ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆ ಪರೀಕ್ಷಾರ್ಥ ಅವಧಿಯಲ್ಲಿರುವವರಿಗೂ ರಕ್ಷಣೆ ಕೊಡುತ್ತದೆ. ಹತ್ತಕ್ಕಿಂತ ಕಡಿಮೆ ಸಿಬ್ಬಂದಿ ಇದ್ದು ಆಂತರಿಕ ಸಮಿತಿ ಇಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಲಿಖಿತ ದೂರು ಕೊಡಬಹುದು. ಘಟನೆ ನಡೆದ 3 ತಿಂಗಳೊಳಗೆ ದೂರು ಸಲ್ಲಿಸಬೇಕು. ತಡವಾಗಲು ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳವರೆಗೆ ಅವಕಾಶ ಕೊಡಬಹುದು.