ನೆಬ್ರಾದ ಗಗನಫಲಕ: ಮಣ್ಣು ನುಡಿದ ಸಾಕ್ಷ್ಯ

ನೆಲದಲ್ಲಿ ಹುದುಗಿರುವ ಪ್ರಾಚೀನ ವಸ್ತುವಿನ ಬೆಲೆಯು ಅದರ ಲೋಹದಲ್ಲಿದೆಯೆಂದು ಲೋಕವು ಸಾಮಾನ್ಯವಾಗಿ ಬಗೆಯುತ್ತದೆ. ಪುರಾತತ್ತ್ವಜ್ಞರ ಎಣಿಕೆಯೇ ಬೇರೆ. ಆ ವಸ್ತುವು ಎಲ್ಲಿ, ಎಷ್ಟು ಆಳದಲ್ಲಿ, ಯಾವ ವಸ್ತುಗಳ ಜೊತೆಯಲ್ಲಿ, ಎಂತಹ ಮಣ್ಣಿನಲ್ಲಿ ಇದ್ದಿತೆಂಬ ವಿವರಗಳೇ ಅದರ ಕುಲಗೋತ್ರವನ್ನು ತಿಳಿಸುತ್ತವೆ. ಈ ಮಾತಿನ ದಿಟವನ್ನು ಅರಿಯಲು ಜರ್ಮನಿಯ ಕಾಡೊಂದರಲ್ಲಿ ದೊರೆತ ಕಂಚಿನ ಫಲಕದ ವೃತ್ತಾಂತವು ತಕ್ಕ ನಿದರ್ಶನವಾಗಿದೆ.

ಆ ಫಲಕವನ್ನು ಮೊದಲು ಸೂಚಿಸಿದುದು ಲೋಹಶೋಧಕ ಯಂತ್ರ. ಇದರ ತತ್ತ್ವವು ಸರಳವಾದುದು. ಉದ್ದನೆಯ ಹಿಡಿಕೆಯ ತುದಿಯಲ್ಲಿ ತಂತಿಯ ಸುರುಳಿಯೊಂದಿರುತ್ತದೆ. ಅದರಲ್ಲಿ ಹರಿಯುವ ವಿದ್ಯುತ್ತು ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಆ ಕ್ಷೇತ್ರದೊಳಗೆ ಲೋಹವಿದ್ದರೆ, ಆ ಲೋಹದಲ್ಲಿಯೂ ಸುಳಿಯಂತಹ ವಿದ್ಯುತ್ಪ್ರವಾಹವು ಹುಟ್ಟಿ, ಅದರಿಂದ ಮತ್ತೊಂದು ಕಿರಿಯ ಕಾಂತಕ್ಷೇತ್ರವು ಮೂಡುತ್ತದೆ. ಯಂತ್ರವು ಇದನ್ನು ಗ್ರಹಿಸಿ ಸದ್ದು ಮಾಡುತ್ತದೆ. ‘ಇಲ್ಲಿ ಲೋಹವಿದೆ’ ಎಂದು ಯಂತ್ರವು ಹೇಳಬಲ್ಲುದು. ಆ ವಸ್ತುವು ಏನು, ಯಾವ ಕಾಲದ್ದು, ಯಾರು ಏಕೆ ಇಟ್ಟರು ಎಂಬುದನ್ನು ಅದು ಹೇಳಲಾರದು. ಅದನ್ನು ಅರಿಯುವುದು ಮನುಷ್ಯನ ಕಾರ್ಯ.

ಈ ಗುರುತಿಸುವಿಕೆಗೆ ಮೊದಲ ಸುಳಿವು ಬಣ್ಣ. ಚಿನ್ನವು ಸಾವಿರಾರು ವರ್ಷ ಹೂತಿದ್ದರೂ ತನ್ನ ಹೊಳಪನ್ನು ಬಿಡುವುದಿಲ್ಲ. ಕಬ್ಬಿಣವು ತುಕ್ಕು ಹಿಡಿದು ಕೆಂಗಂದಾಗುತ್ತದೆ. ತಾಮ್ರ ಮತ್ತು ಕಂಚುಗಳ ಮೇಲೆ ಹಸಿರು ಕಿಲುಬು ಕವಿಯುತ್ತದೆ. ಎರಡನೆಯ ಸುಳಿವು ಸುತ್ತಲಿನ ಮಣ್ಣು. ಹೊಲದಲ್ಲಿಯಾದರೆ ನೇಗಿಲು ವಸ್ತುಗಳನ್ನು ಕದಲಿಸಿ ಚೆದುರಿಸಿರುತ್ತದೆ. ಬಹುಕಾಲ ಉಳುಮೆಯನ್ನು ಕಾಣದ ಕಾಡಿನ ನೆಲದಲ್ಲಿ ಇಟ್ಟವರು ಇಟ್ಟಂತೆಯೇ ಅವು ಉಳಿದಿರುವ ಸಂಭವ ಹೆಚ್ಚು. ಆದುದರಿಂದಲೇ ಅಲ್ಲಿ ಅವಸರದ ಅಗೆತದಿಂದಾಗುವ ಹಾನಿಯೂ ಹೆಚ್ಚು.

1999ನೆಯ ಇಸವಿಯ ಜುಲೈ 4ರಂದು, ಸ್ಯಾಕ್ಸನಿ-ಆನ್‌ಹಾಲ್ಟ್ ರಾಜ್ಯದ ನೆಬ್ರಾ ಪಟ್ಟಣದ ಸಮೀಪದಲ್ಲಿರುವ ಮಿಟ್ಟೆಲ್‌ಬರ್ಗ್ ಎಂಬ ಕಾಡುಗುಡ್ಡದ ಮೇಲೆ, ಇಬ್ಬರು ಅನುಮತಿಯಿಲ್ಲದೆ ಇಂತಹ ಯಂತ್ರವನ್ನು ಹಿಡಿದು ನಿಧಿಯನ್ನು ಅರಸುತ್ತಿದ್ದರು. ಯಂತ್ರವು ಸದ್ದು ಮಾಡಿದೆಡೆಯಲ್ಲಿ ಅವಸರದಿಂದ ಅಗೆದರು. ಅಗೆಯುವ ಉಪಕರಣದ ಪೆಟ್ಟಿಗೆ ಫಲಕದ ಅಂಚು ಜಖಂಗೊಂಡಿತು. ಚಿನ್ನದ ಒಂದು ಚೂರು ಕಿತ್ತುಬಂದಿತು. ಅದರೊಡನೆ ಎರಡು ಖಡ್ಗಗಳು, ಎರಡು ಕೊಡಲಿಗಳು, ಒಂದು ಉಳಿ ಮತ್ತು ಸುರುಳಿ ಕಡಗಗಳ ತುಣುಕುಗಳೂ ದೊರೆತವು. ಆ ರಾಜ್ಯದ ಕಾನೂನಿನಂತೆ ಅವೆಲ್ಲವೂ ಸರ್ಕಾರದ ಸ್ವತ್ತು. ಆದರೂ ಅವರು ಅವನ್ನು ಸುಮಾರು 30 ಸಾವಿರ ಮಾರ್ಕುಗಳಿಗೆ ವ್ಯಾಪಾರಿಗೆ ಮಾರಿಬಿಟ್ಟರು. ಮುಂದೆ ಅವು ಕೈಯಿಂದ ಕೈಗೆ ದಾಟಿದವು. 2002ರ ಫೆಬ್ರವರಿಯಲ್ಲಿ ಆ ರಾಜ್ಯದ ಪುರಾತತ್ತ್ವಾಧಿಕಾರಿ ಹರಾಲ್ಡ್ ಮೆಲ್ಲರ್ ಅವರು ಕೊಳ್ಳುವವರಂತೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಹೋದರು. ಆಗ ಪೊಲೀಸರು ಫಲಕವನ್ನು ವಶಪಡಿಸಿಕೊಂಡರು.

ಸುಮಾರು 32 ಸೆಂಟಿಮೀಟರ್ ವ್ಯಾಸದ, ಎರಡು ಕಿಲೋಗ್ರಾಂಗಿಂತ ತುಸು ಹೆಚ್ಚು ತೂಕದ ಈ ದುಂಡನೆಯ ಫಲಕದ ಮೇಲೆ ಚಿನ್ನದ ತಗಡಿನಿಂದ ಆಕಾಶವನ್ನು ಚಿತ್ರಿಸಲಾಗಿದೆ. ಸೂರ್ಯನೋ ಪೂರ್ಣಚಂದ್ರನೋ ಆಗಿರಬಹುದಾದ ಒಂದು ವೃತ್ತ, ಒಂದು ಬಾಲಚಂದ್ರ, ಸುತ್ತಲೂ ನಕ್ಷತ್ರಗಳು. ಏಳು ಚುಕ್ಕೆಗಳ ಒಂದು ಗುಂಪನ್ನು ವಿದ್ವಾಂಸರು ಕೃತ್ತಿಕೆಯೆಂದು ಗುರುತಿಸಿದ್ದಾರೆ. ಇಕ್ಕೆಲದ ಅಂಚುಗಳಲ್ಲಿ ಎರಡು ಕಮಾನುಗಳಿದ್ದವು; ಒಂದು ಈಗ ಬಿದ್ದುಹೋಗಿದೆ. ಒಂದೊಂದರ ಹರವು ಸುಮಾರು 82 ಡಿಗ್ರಿ. ಆ ಪ್ರದೇಶದಲ್ಲಿ ವರ್ಷದುದ್ದಕ್ಕೂ ಸೂರ್ಯೋದಯವು ದಿಗಂತದಲ್ಲಿ ಎಷ್ಟು ದೂರ ಸರಿಯುವುದೋ ಅಷ್ಟೇ ಇದರ ಅಳತೆ. ಕೆಳಗಿನ ಇನ್ನೊಂದು ಕಮಾನನ್ನು ದೋಣಿಯೆಂದು ಅರ್ಥೈಸಿದ್ದಾರೆ.

ಇದರ ಕಾಲವನ್ನು ಫಲಕವು ತಾನೇ ಹೇಳಲಿಲ್ಲ. ಜೊತೆಗಾರ ವಸ್ತುಗಳು ಹೇಳಿದವು. ಖಡ್ಗವೊಂದರ ಹಿಡಿಯಲ್ಲಿ ಉಳಿದಿದ್ದ ಭೂರ್ಜವೃಕ್ಷದ ತೊಗಟೆಯನ್ನು ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ, ನಿಕ್ಷೇಪವನ್ನು ಹೂತ ಕಾಲವು ಕ್ರಿ.ಪೂ. 1600ರ ಸುಮಾರು ಎಂದು ತಿಳಿದುಬಂದಿತು. ಫಲಕದ ತಾಮ್ರವು ಆಸ್ಟ್ರಿಯಾದ ಆಲ್ಪ್ಸ್ ಪರ್ವತಗಳ ಗಣಿಯದೆಂದೂ, ಚಿನ್ನವು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ್ದೆಂದೂ ಲೋಹಪರೀಕ್ಷಕರು ನಿರ್ಣಯಿಸಿದರು.

ಆದರೆ ಸಂಶಯವು ಸುಮ್ಮನಿರಲಿಲ್ಲ. ನ್ಯಾಯಾಲಯದ ವಿಚಾರಣೆಯಲ್ಲಿ, ಫಲಕವೇ ಕೃತಕವೆಂಬ ವಾದವೆದ್ದಿತು. ಫಲಕಕ್ಕೆ ಅಂಟಿದ್ದ ಮಣ್ಣನ್ನೂ ಗುಡ್ಡದ ಮೇಲಿನ ಕುಳಿಯ ಮಣ್ಣನ್ನೂ ಹೋಲಿಸಿದ ಪರೀಕ್ಷೆಯು ಆ ವಾದಕ್ಕೆ ಉತ್ತರ ಕೊಟ್ಟಿತು. ನ್ಯಾಯಾಲಯವೂ ಫಲಕವನ್ನು ನೈಜವೆಂದೇ ಮನ್ನಿಸಿತು. 2013ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ‘ವಿಶ್ವದ ಸ್ಮೃತಿ’ ಪಟ್ಟಿಗೆ ಸೇರಿಸಿತು. ಇಷ್ಟಾದರೂ 2020ರಲ್ಲಿ ಇಬ್ಬರು ವಿದ್ವಾಂಸರು, ಫಲಕವು ಈ ನಿಕ್ಷೇಪಕ್ಕೆ ಸೇರಿದುದಲ್ಲ, ಸಾವಿರ ವರ್ಷ ಈಚಿನದು ಎಂದು ವಾದಿಸಿದರು. ಅನೇಕ ವಿದ್ವಾಂಸರು ಅದನ್ನು ಖಂಡಿಸಿ ಬರೆದರು.

ಈ ವಿವಾದದ ಮೂಲವೆಲ್ಲಿ? ತಿಳಿದವರು ಪದರಪದರವಾಗಿ ಅಗೆದು, ಅಳೆದು, ಚಿತ್ರ ಬರೆದುಕೊಂಡು ಈ ವಸ್ತುಗಳನ್ನು ಎತ್ತಿದ್ದರೆ, ಅವು ಒಂದೇ ಕುಳಿಯಲ್ಲಿ ಇದ್ದುವೇ ಎಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಫಲಕಕ್ಕೆ ಒಂದಿಷ್ಟು ಮಣ್ಣು ಅಂಟಿ ಉಳಿದುದು ಭಾಗ್ಯವೇ ಸರಿ. ಅದನ್ನೂ ತಿಕ್ಕಿ ತೊಳೆದುಬಿಟ್ಟಿದ್ದರೆ ಸಾಕ್ಷಿಯ ಬಾಯನ್ನೇ ಮುಚ್ಚಿದಂತಾಗುತ್ತಿತ್ತು.

ವಿದ್ಯಾರ್ಥಿಗಳು ಮನನ ಮಾಡಬೇಕಾದ ವಿಷಯವಿದು. ಹೊಲ ಕಾಡುಗಳಲ್ಲಿ ಹಳೆಯ ನಾಣ್ಯವೋ ಪಾತ್ರೆಯೋ ಕಣ್ಣಿಗೆ ಬಿದ್ದರೆ ಅದನ್ನು ಕೀಳಬಾರದು, ಉಜ್ಜಬಾರದು. ಇದ್ದಂತೆಯೇ ಬಿಟ್ಟು, ಸ್ಥಳವನ್ನು ಗುರುತಿಟ್ಟು ಹಿರಿಯರಿಗೂ ಅಧಿಕಾರಿಗಳಿಗೂ ತಿಳಿಸಬೇಕು. ನಿಧಿಯನ್ನು ಕಂಡವರು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ಕರ್ನಾಟಕದಲ್ಲಿಯೂ ಉಂಟು. ಕಿತ್ತುಹೋದ ಚಿನ್ನವನ್ನು ಕುಶಲನಾದ ಅಕ್ಕಸಾಲಿಗನು ಮತ್ತೆ ಕೂರಿಸಿಯಾನು. ಕದಡಿಹೋದ ಮಣ್ಣನ್ನು ಮೊದಲಿದ್ದಂತೆ ಮಾಡಬಲ್ಲವರು ಯಾರೂ ಇಲ್ಲ.